ಹಾಲೆಂಡಿಗೆ ಬಂದ ಗೆಳೆಯರನ್ನು ಮೊದಲು ಏರಿ ಹತ್ತಿಸಿ

ಊರಿನಿಂದ ಗೆಳೆಯರು ಬರುತ್ತೇವೆ ಎಂದರೆ ಆಮ್‌ಸ್ಟರ್‌ಡಾಮಿನ ಕಾಲುವೆ, ಟ್ಯುಲಿಪ್ ತೋಟ ಅವರ ಪಟ್ಟಿಯಲ್ಲಿ ಇದ್ದೇ ಇರುತ್ತವೆ. ಅವನ್ನು ಅವರೇ ನೋಡಿಕೊಂಡು ಬರುತ್ತಾರೆ. ನಾನು ಮೊದಲ ದಿನ ಕರೆದೊಯ್ಯುವುದು ಹಾರ್ಲೆಮ್ ಪಕ್ಕದ ಕ್ರುಕಿಯಸ್‌ಗೆ, ಅಲ್ಲಿನ ಏರಿಯ ಮೇಲಕ್ಕೆ.

ಅವರು ವಿಮಾನ ಇಳಿದ ಸ್ಕಿಪೋಲ್ ನಿಲ್ದಾಣ ಇರುವುದೇ ಹಾರ್ಲೆಮರ್‌ಮೇರ್ ಎಂಬ ಸರೋವರದ ತಳದಲ್ಲಿ. 1836ರ ಬಿರುಗಾಳಿಗಳಲ್ಲಿ ಆ ನೀರು ಆಮ್‌ಸ್ಟರ್‌ಡಾಮ್, ಲೈಡನ್ ಊರುಗಳ ಬಾಗಿಲಿಗೇ ಬಂದಿತ್ತು. ಆಮೇಲೆ ಸುತ್ತ ಏರಿ ಕಟ್ಟಿ, ಕಾಲುವೆ ತೋಡಿ, ಮೂರು ಉಗಿ ಪಂಪುಮನೆಗಳಿಂದ ನೀರೆತ್ತಿ 1852ಕ್ಕೆ ಒಣಗಿಸಿದರು. ಅದರಲ್ಲೊಂದು ಕ್ರುಕಿಯಸ್, ಈಗ ವಸ್ತುಸಂಗ್ರಹಾಲಯ. ಅದರ ಉಗಿಯಂತ್ರದ ಸಿಲಿಂಡರಿನ ವ್ಯಾಸ 144 ಇಂಚು. ಗೋಡೆಯಿಂದ ಹೊರಚಾಚಿದ ಎಂಟು ಕಬ್ಬಿಣದ ತೊಲೆಗಳನ್ನು ನೋಡಿದರೆ ನಮ್ಮ ಏತವೇ ನೆನಪಾಗುತ್ತದೆ.

ಏರಿಯ ಮೇಲೆ ಅವಸರ ಮಾಡಬೇಡಿ. ಒಂದು ಕಡೆ ಸುತ್ತುಗಾಲುವೆಯಲ್ಲಿ ದೋಣಿ ಹೋಗುತ್ತಿರುತ್ತದೆ, ಇನ್ನೊಂದು ಕಡೆ ಅದಕ್ಕಿಂತ ನಾಲ್ಕೈದು ಮೀಟರ್ ತಗ್ಗಿನಲ್ಲಿ ಹೊಲ, ಮನೆ. ನಮ್ಮ ಕೆರೆ ಏರಿಯಂತೆಯೇ ಕಾಣುತ್ತದೆ, ಆದರೆ ಕೆಲಸ ತಿರುವುಮುರುವು: ನಮ್ಮದು ನೀರನ್ನು ಒಳಗೆ ಹಿಡಿದಿಟ್ಟು ತೂಬಿನಿಂದ ಗದ್ದೆಗೆ ಬಿಡುತ್ತದೆ, ಇದು ನೀರನ್ನು ಹೊರಗೆ ತಡೆಯುತ್ತದೆ. ಮಳೆ ನೀರಿಗೂ ಅಡಿಯಿಂದ ಜಿನುಗುವ ನೀರಿಗೂ ತಾನಾಗಿ ಹರಿದುಹೋಗಲು ದಾರಿಯಿಲ್ಲ. ಪಂಪು ನಿಂತರೆ ಕೆರೆ ಮರಳುತ್ತದೆ. ಇದು ತಲೆಗೆ ಹೋದ ಮೇಲೆ ಕಿಂಡರ್‌ಡೈಕ್‌ಗೆ ಹೋದರೆ ಅಲ್ಲಿ ನೀರೆತ್ತಲೆಂದೇ ಕಟ್ಟಿದ 19 ಗಾಳಿಯಂತ್ರಗಳು ಬರೀ ಫೋಟೋದ ಸರಕಾಗಿ ಉಳಿಯುವುದಿಲ್ಲ.

ಸೈಕಲ್ ಬಾಡಿಗೆಗೆ ತೆಗೆದುಕೊಳ್ಳುವಾಗ ಬ್ರೇಕ್ ನೋಡಿ. ಎಷ್ಟೋ ಸೈಕಲ್‌ಗಳಲ್ಲಿ ಹಿಂದಿನ ಚಕ್ರಕ್ಕೆ ಕೈಬ್ರೇಕ್ ಇರುವುದಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ಊರಿನ ಅಭ್ಯಾಸದಲ್ಲಿ ಪೆಡಲನ್ನು ಸುಮ್ಮನೆ ಹಿಂದಕ್ಕೆ ತಿರುಗಿಸಿದವರು ಗಕ್ಕನೆ ನಿಂತು, ಹಿಂದೆ ಬರುವವರಿಗೆ ಅಡ್ಡವಾಗುತ್ತಾರೆ. ಖಾಲಿ ಜಾಗದಲ್ಲಿ ಹತ್ತು ನಿಮಿಷ ಅಭ್ಯಾಸ ಮಾಡಿಸಿಯೇ ಕೆಂಪು ಸೈಕಲ್ ದಾರಿಗೆ ಇಳಿಸಿ. ನೆಲ ಸಮತಟ್ಟು, ನಿಜ. ಎದುರುಗಾಳಿಯೇ ಇಲ್ಲಿನ ಏರುದಾರಿ. ಹೋಗುವಾಗ ಗಾಳಿಗೆದುರು, ಬರುವಾಗ ಗಾಳಿಯೊಂದಿಗೆ ಎಂದು ದಾರಿ ಹಾಕಿ. ಕೊಡೆ ಬೇಡ, ಟೋಪಿಯಿರುವ ಮಳೆಕೋಟು ಇರಲಿ.

ರೈಲಿಗೆ ಟಿಕೆಟ್ ಬದಲು ನಿಲ್ದಾಣದ ಯಂತ್ರಕ್ಕೆ ಬ್ಯಾಂಕ್ ಕಾರ್ಡ್ ಮುಟ್ಟಿಸಿದರೆ ಸಾಕು, ಆದರೆ ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಬೇಕು. ಹತ್ತುವಾಗ ಫೋನಿನಲ್ಲಿ, ಇಳಿಯುವಾಗ ಪ್ಲಾಸ್ಟಿಕ್ ಕಾರ್ಡಿನಲ್ಲಿ ಮುಟ್ಟಿಸಿದರೆ ಯಂತ್ರ ಅವನ್ನು ಎರಡು ಬೇರೆ ಪ್ರಯಾಣವೆಂದೇ ಲೆಕ್ಕ ಹಾಕುತ್ತದೆ.

ಶುದ್ಧ ಸಸ್ಯಾಹಾರಿಗಳಿಗೆ ಚೀಸ್ ವಿಷಯ ಮೊದಲೇ ಹೇಳಿಬಿಡಿ. ಇಲ್ಲಿ ಅನೇಕ ಚೀಸ್‌ಗಳ ಹಾಲನ್ನು ಒಡೆಸುವುದು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ. ಪೊಟ್ಟಣದ ಮೇಲೆ ‘ಮೈಕ್ರೋಬಿಯೇಲ್ ಸ್ಟ್ರೆಮ್ಸೆಲ್’ (ಸೂಕ್ಷ್ಮಜೀವಿಗಳಿಂದ ತೆಗೆದ ರೆನೆಟ್) ಎಂದಿದ್ದರೆ ಧೈರ್ಯವಾಗಿ ಕೊಡಬಹುದು.

ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಊಟ ಮುಗಿಸಿಯೂ ಏರಿಗೆ ಹೋಗಬಹುದು. ಡಿಸೆಂಬರಾದರೆ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಆಗ ಬೆಳಿಗ್ಗೆಯೇ ಏರಿ ನೋಡಿಸಿ, ಪಂಪುಮನೆಯನ್ನು ಮಧ್ಯಾಹ್ನಕ್ಕಿಡಿ.