ತೊಡದೇವು ಮಾಡುವ ಆಯಿ, ಸ್ಮೋಕ್ ಅಲಾರಂ ಇರುವ ಮನೆ: ಕಾರ್ಟೂನಿಗೆ ವಲಸಿಗ ಗೃಹಿಣಿಯ ಪಾತ್ರ ಕಟ್ಟುವುದು ಹೇಗೆ

ಕಾರ್ಟೂನ್ ಸಿಟ್‌ಕಾಮ್‌ಗೆ ಅಮೆರಿಕದಲ್ಲಿರುವ ಸಿರ್ಸಿ ಕಡೆಯ ಗೃಹಿಣಿಯ ಪಾತ್ರ ಬೇಕೆಂದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಬೊಟ್ಟು, ಸೀರೆ, ಅಪ್ಪೆಮಿಡಿ ಉಪ್ಪಿನಕಾಯಿ ಬಾಟ್ಲಿಯ ಕಡೆಗೆ. ಅವೆಲ್ಲ ಕೊನೆಗೆ. ಮೊದಲ ಹಾಳೆಯಲ್ಲಿ ಒಂದೇ ವಾಕ್ಯ ಇರಲಿ: ಈ ಕಂತಿನಲ್ಲಿ ಅವಳಿಗೆ ಏನು ಬೇಕು, ಅದಕ್ಕೆ ಯಾರು ಅಡ್ಡ. ಆ ವಾಕ್ಯ ಗಂಡನ ಬಗ್ಗೆಯೋ ಮಕ್ಕಳ ಬಗ್ಗೆಯೋ ಆಗಿಬಿಟ್ಟರೆ ಚಿತ್ರ ಬಿಡಿಸಲು ಕೂರಬೇಡಿ.

ಅಮೆರಿಕದ ಕಾರ್ಟೂನ್ ಸಿಟ್‌ಕಾಮ್ ‘ದಿ ಸಿಂಪ್ಸನ್ಸ್’ನ ಮಂಜುಳಾಳನ್ನೇ ನೋಡಿ. 1997ರ ಕಂತಿನಲ್ಲಿ ಮನೆಯವರು ಗೊತ್ತುಮಾಡಿದ ಮದುವೆಗೆಂದು ಸ್ಪ್ರಿಂಗ್‌ಫೀಲ್ಡ್‌ಗೆ ಬಂದು ಅಂಗಡಿಯ ಅಪುವಿನ ಕೈ ಹಿಡಿದಳು. 1999ರಲ್ಲಿ ಒಂದೇ ಹೆರಿಗೆಗೆ ಎಂಟು ಮಕ್ಕಳು. ಅದೇ ವರ್ಷದ ಇನ್ನೊಂದು ಕಂತಿನಲ್ಲಿ, ಗಂಡ ಹೊತ್ತುಗೊತ್ತಿಲ್ಲದೆ ಅಂಗಡಿಯಲ್ಲೇ ಇರುತ್ತಾನೆಂಬುದು ಅವಳ ಸಿಟ್ಟು. ಕಥೆ ಓಡುವುದೇ ಆ ಸಿಟ್ಟಿನಿಂದ. ಅಲ್ಲಿ ಅವಳು ಜೀವಂತ. ಎಂಟು ಮಕ್ಕಳ ಗಲಾಟೆಯ ನಡುವೆ ಬರೀ ದಣಿದ ತಾಯಿಯಾಗಿ ನಿಂತ ಕಡೆ ಪಾತ್ರ ತೆಳುವಾಗಿದೆ. ಮೊದಲು ಅವಳಿಗೆ ದನಿ ಕೊಟ್ಟವರು ಅಮೆರಿಕದ ನಟಿ ಜಾನ್ ಹೂಕ್ಸ್. ಬಿಳಿಯರಲ್ಲದ ಪಾತ್ರಗಳಿಗೆ ಇನ್ನು ಬಿಳಿಯ ಕಲಾವಿದರು ದನಿ ಕೊಡುವುದಿಲ್ಲ ಎಂದು ತಂಡ ಹೇಳಿದ್ದು 2020ರ ಜೂನ್‌ನಲ್ಲಿ. ನಮಗೆ ಆ ತಾಪತ್ರಯ ಇಲ್ಲ, ದನಿ ಊರಲ್ಲೇ ಇದೆ.

ಅಡ್ಡಿಗೆ ಒಳ್ಳೆಯ ಸರಕು ವೀಸಾ. ಗಂಡನದು ಕೆಲಸದ ವೀಸಾ ಎಚ್-1ಬಿ ಆದರೆ ಹೆಂಡತಿಯದು ಅವನನ್ನು ಅವಲಂಬಿಸಿದ ಎಚ್-4. ಅದರಲ್ಲಿ ದುಡಿಯಲು ಬರುವುದಿಲ್ಲ. 2015ರ ಮೇ ತಿಂಗಳಿಂದ ಕೆಲವರಿಗೆ ಪರವಾನಗಿ ಸಿಗುತ್ತಿದೆ, ಆದರೆ ಗಂಡನ ಗ್ರೀನ್ ಕಾರ್ಡ್ ಹಾದಿ ಒಂದು ಹಂತ ದಾಟಿರಬೇಕು. ಓದಿ ಕೆಲಸದಲ್ಲಿದ್ದವಳು ಅಡುಗೆಮನೆಯಲ್ಲಿ ಕಟ್ಟಿಹಾಕಿದಂತಾಗುವುದು ಇಲ್ಲಿಂದ. ಇದಕ್ಕೆ ತೊಡದೇವು ಎಂಬ ಸಿಹಿ ತಿನಿಸನ್ನು ಸೇರಿಸಿ ನೋಡಿ. ಅಕ್ಕಿಹಿಟ್ಟು, ಕಬ್ಬಿನಹಾಲು ಕಲಸಿದ ತೆಳ್ಳಗಿನ ಹಿಟ್ಟನ್ನು, ಬೋರಲು ಹಾಕಿ ಕಾಯಿಸಿದ ಮಣ್ಣಿನ ಗಡಿಗೆಯ ಮೇಲೆ ಬಟ್ಟೆ ಸುತ್ತಿದ ಕೋಲಿನಿಂದ ಎಳೆದು, ಕಾಗದದಂತೆ ಎಬ್ಬಿಸಬೇಕು. ಬಾಡಿಗೆ ಮನೆಯ ಕರೆಂಟಿನ ಕಾಯಿಲ್ ಒಲೆಯ ಮೇಲೆ ಗಡಿಗೆ ಕೂರುವುದಿಲ್ಲ, ಹೊಗೆ ಎದ್ದರೆ ಅಲಾರಂ ಕಿರುಚುತ್ತದೆ.

ಮೂರು ನಿಮಿಷದ ಕಂತಿಗೆ ಹಂಚಿಕೆ ಹೀಗಿರಲಿ. ಮೊದಲ 25 ಸೆಕೆಂಡಿನಲ್ಲಿ ಪಕ್ಕದ ಮನೆಯವರು ತೊಡದೇವು ತಿಂದು ಇನ್ನಷ್ಟು ಬೇಕೆನ್ನುತ್ತಾರೆ. 100ನೇ ಸೆಕೆಂಡಿನವರೆಗೆ ಅವಳು ಸ್ಟೀಲ್ ಪಾತ್ರೆಯ ಬೆನ್ನಿನ ಮೇಲೆ, ಗ್ರಿಲ್ ಮೇಲೆ, ಕೊನೆಗೆ ಹಿತ್ತಲಲ್ಲಿ ಪ್ರಯೋಗ ನಡೆಸುತ್ತಾಳೆ. 150ರವರೆಗೆ ವ್ಯವಹಾರ: ದುಡ್ಡು ಮುಟ್ಟುವಂತಿಲ್ಲ, ಹಾಗಾಗಿ ಒಂದು ಡಬ್ಬಿ ತೊಡದೇವಿಗೆ ಬದಲು ಪಕ್ಕದವರು ಅವಳ ಅಂಗಳದ ಹಿಮ ಎತ್ತಬೇಕು. ವಿನಿಮಯವೂ ಕಾನೂನಿನ ಕಣ್ಣಿಗೆ ದುಡಿಮೆ ಆದೀತೆಂದು ಗಂಡ ಗಾಬರಿಯಾಗುತ್ತಾನೆ. ಕೊನೆಯ 30 ಸೆಕೆಂಡು ಅವಳದೇ ತೀರ್ಮಾನ, ಗಂಡನ ಉಪದೇಶ ಅಲ್ಲ.

ಊರಿಗೆ ಫೋನ್ ಮಾಡುವ ದೃಶ್ಯದಲ್ಲಿ ಗಡಿಯಾರ ತಪ್ಪಬೇಡಿ. ನ್ಯೂಜೆರ್ಸಿ ಬೇಸಿಗೆಯಲ್ಲಿ ಒಂಬತ್ತೂವರೆ ತಾಸು, ಚಳಿಗಾಲದಲ್ಲಿ ಹತ್ತೂವರೆ ತಾಸು ಹಿಂದೆ. ಸಿರ್ಸಿಯಲ್ಲಿ ರಾತ್ರಿ ಏಳೂವರೆ ಎಂದರೆ ಅಲ್ಲಿ ಬೆಳಿಗ್ಗೆ ಹತ್ತು, ಹಿಮ ಬೀಳುವಾಗ ಒಂಬತ್ತು. ಅತ್ತೆಯ ದನಿಯನ್ನು 300ರಿಂದ 3400 ಹರ್ಟ್ಸ್ ನಡುವೆ ಕತ್ತರಿಸಿದರೆ ಫೋನಿನೊಳಗಿಂದ ಬಂದಂತೆ ಕೇಳುತ್ತದೆ.

ಮಾತಿನಲ್ಲಿ ಊರ ನುಡಿ ಅರ್ಧ ಮಟ್ಟಕ್ಕೆ ಸಾಕು. ‘ಊಟ ಆತಾ’, ‘ಎಂತಾ’, ‘ಗೊತ್ತಿಲ್ಲೆ’ ಇಷ್ಟರಲ್ಲೇ ಹವ್ಯಕ ಮನೆ ಕಣ್ಣ ಮುಂದೆ ಬರುತ್ತದೆ. ಪ್ರತಿ ಸಾಲಿಗೂ ತುರುಕಿದರೆ ಮಂಡ್ಯದವರಿಗೆ ಬಿಡಿ, ಹೊನ್ನಾವರದವರಿಗೂ ನಗು ಬರುವುದಿಲ್ಲ. ಕಾರವಾರದವಳಾದರೆ ಸಿಟ್ಟು ಬಂದಾಗ ಕೊಂಕಣಿಗೆ ಜಾರಲಿ, ಆ ಸಾಲುಗಳನ್ನು ಅಲ್ಲಿಯವರಿಂದಲೇ ಬರೆಸಿ. ಎರಡನ್ನೂ ಒಬ್ಬಳ ಬಾಯಲ್ಲಿ ಕಲಸಬೇಡಿ.

ದನಿ ಮೊದಲು, ಚಿತ್ರ ಆಮೇಲೆ. ಮೈಕು ಬಾಯಿಂದ 15–20 ಸೆಂಟಿಮೀಟರ್ ದೂರ, ತುಸು ಓರೆಯಾಗಿ. ಮುದ್ರಣ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿರಲಿ. ಅತಿ ಜೋರಿನ ಮಾತೂ ಮೈನಸ್ 6 ಡೆಸಿಬೆಲ್ ದಾಟದಿರಲಿ. ಘಟ್ಟದ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲಿನ ಮಳೆ ಕೆಲಸ ಕೆಡಿಸುತ್ತದೆ, ಏಕೆಂದರೆ ಅದು ಎಲ್ಲ ಸ್ವರಗಳಲ್ಲೂ ಹರಡಿದ ಸದ್ದು, ಫಿಲ್ಟರ್‌ಗೆ ಸಿಗುವುದಿಲ್ಲ. ಮಳೆ ನಿಂತ ಗಳಿಗೆ ಕಾಯಿರಿ, ಇಲ್ಲವೇ ಮಾಳಿಗೆ ಕೆಳಗಿನ ನಡುಕೋಣೆಯಲ್ಲಿ ಹಾಸಿಗೆ ನಿಲ್ಲಿಸಿಕೊಂಡು ಕೂರಿ. ಸಂಜೆಯ ಜೀರುಂಡೆ ಇನ್ನೂ ಕಷ್ಟ: ಅದರ ಸದ್ದು ಶ, ಸ ಅಕ್ಷರಗಳ ಜಾಗದಲ್ಲೇ ಕೂರುತ್ತದೆ, ತೆಗೆಯಲು ಹೋದರೆ ಮಾತೂ ಮೊಂಡಾಗುತ್ತದೆ. ಕಾರವಾರದ ಕಡಲಗಾಳಿಯ ಗುಂಯ್‌ಗುಡುವಿಕೆ ಮಾತ್ರ 80 ಹರ್ಟ್ಸ್ ಕೆಳಗೆ ಕತ್ತರಿಸಿದರೆ ಬಹಳಷ್ಟು ಹೋಗುತ್ತದೆ. ಕಂಡೆನ್ಸರ್ ಮೈಕಿಗೆ ತೇವ ಹಿಡಿದರೆ ಚಟಚಟ ಎನ್ನುತ್ತದೆ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಏನೂ ಮಾತಾಡದೆ ಕೋಣೆಯ ಮೌನವನ್ನೇ 30 ಸೆಕೆಂಡು ಮುದ್ರಿಸಿಕೊಳ್ಳಿ, ತುಂಡುಗಳ ನಡುವಿನ ಖಾಲಿಗೆ ಬೇಕಾಗುತ್ತದೆ.

ಚಿತ್ರ ಚಲಿಸುವಂತೆ ಮಾಡುವ ತಂತ್ರಾಂಶಗಳಲ್ಲಿ ಓಪನ್‌ಟೂನ್ಜ್, ಬ್ಲೆಂಡರ್ ಎರಡೂ ಉಚಿತ. ಸೆಕೆಂಡಿಗೆ 24 ಫ್ರೇಮಿನಂತೆ ಮೂರು ನಿಮಿಷಕ್ಕೆ 4320 ಫ್ರೇಮು; ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮು ಹಿಡಿದರೂ 2160 ಚಿತ್ರ. ಸಿಟ್‌ಕಾಮ್ ಬದುಕುವುದು ಮರುಬಳಕೆಯಿಂದ: ಮೈ ಒಂದು ಪದರ, ತಲೆ ಒಂದು, ಬಾಯಿ ಒಂದು.

ಬಾಯಿಗೆ ಏಳು ಆಕಾರ ಸಾಕು: ಮುಚ್ಚಿದ್ದು ಪ ಬ ಮಕ್ಕೆ, ಅಗಲ ತೆರೆದದ್ದು ಆಕ್ಕೆ, ಹಿಗ್ಗಿದ್ದು ಇ ಎಗೆ, ದುಂಡಗಿನದು ಉ ಒಗೆ, ಹಲ್ಲಿಗೆ ತುಟಿ ತಾಗಿದ್ದು ವ ಫಕ್ಕೆ, ನಾಲಗೆ ತುದಿ ಕಾಣುವುದು ತ ದ ನ ಲಕ್ಕೆ, ಉಳಿದದ್ದು ವಿಶ್ರಾಂತಿ. ಟ ಡ ಣ ಳಗಳಲ್ಲಿ ನಾಲಗೆ ಹಿಂದೆ ಮಡಚುವುದರಿಂದ ಹೊರಗೆ ಕಾಣದು. ಅಗಲದ ಆಕಾರವನ್ನೇ ಅರ್ಧ ಮಾಡಿ. ಮುಚ್ಚಿದ ಬಾಯಿ ಕನಿಷ್ಠ ಎರಡು ಫ್ರೇಮು ನಿಲ್ಲಬೇಕು. ಅಪ್ಪ, ಅಮ್ಮ, ಹಬ್ಬದಂಥ ಒತ್ತಕ್ಷರಕ್ಕೆ ನಾಲ್ಕು. ಇದನ್ನು ಬಿಟ್ಟರೆ ಮಾತು ಡಬ್ ಮಾಡಿದಂತೆ ಕಾಣುತ್ತದೆ. ದನಿಗೆ ಬಾಯಿಯ ಆಕಾರ ಹೊಂದಿಸುವ ರೂಬಾರ್ಬ್ ಲಿಪ್ ಸಿಂಕ್ ತಂತ್ರಾಂಶ ಬಳಸುವುದಾದರೆ ಅದರ ಮೂಲ ವಿಧಾನ ಇಂಗ್ಲಿಷಿಗೆ ಮಾಡಿದ್ದು. ಫೊನೆಟಿಕ್ ವಿಧಾನಕ್ಕೆ ಬದಲಿಸಿ, ಆಮೇಲೂ ಒತ್ತಕ್ಷರಗಳನ್ನು ಕೈಯಾರೆ ತಿದ್ದಿ.

ಇನ್ನು ಸೀರೆ. ಅಮೆರಿಕದಲ್ಲಿ ದಿನಾ ಉಡುವವರು ಕಡಿಮೆ, ಚೂಡಿದಾರದ ಮೇಲೆ ಸ್ವೆಟರ್ ಬಿಡಿಸಿದರೆ ಹೆಚ್ಚು ನಂಬಿಕೆ ಬರುತ್ತದೆ, ಕೆಲಸವೂ ಅರ್ಧ. ಹಬ್ಬದ ಕಂತಿಗೆ ಸೀರೆ ಬೇಕೇ ಬೇಕೆಂದರೆ ನೆರಿಗೆಗೆ ಮೂರು ಗೆರೆ ಸಾಕು. ಸೆರಗು ಬೇರೆ ಪದರದಲ್ಲಿರಲಿ, ಮೈ ನಿಂತ ಮೇಲೂ ಮೂರ್ನಾಲ್ಕು ಫ್ರೇಮು ತಡವಾಗಿ ನಿಲ್ಲಲಿ. ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದ ಹೆಂಗಸರ ಮಣಿಸರದ ರಾಶಿ ಚೆಂದ ಕಾಣುತ್ತದೆಂದು ತಂದು ಹವ್ಯಕ ಆಯಿಯ ಕೊರಳಿಗೆ ಹಾಕಬೇಡಿ. ಊರವರು ಮೊದಲ ಫ್ರೇಮಿಗೇ ಹಿಡಿಯುತ್ತಾರೆ.

ಯೂಟ್ಯೂಬಿಗೆ ಹಾಕುವ ಮುನ್ನ ದನಿಯ ಒಟ್ಟು ಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಸುತ್ತ ಇರಲಿ. ಆಮೇಲೆ ಸದ್ದು ತೆಗೆದು ಒಮ್ಮೆ, ಚಿತ್ರ ಮುಚ್ಚಿ ಒಮ್ಮೆ, ಸಿರ್ಸಿಯವರೊಬ್ಬರಿಗೂ ಅಮೆರಿಕದಲ್ಲಿ ನೆಲೆಸಿದ ಒಬ್ಬಳಿಗೂ ತೋರಿಸಿ. ಇಬ್ಬರೂ ನಗುವ ಜಾಗ ಬೇರೆ ಬೇರೆ ಇದ್ದರೆ ಅಡ್ಡಿಯಿಲ್ಲ. ಗಂಡನ ಸಾಲಿಗೆ ಮಾತ್ರ ನಕ್ಕರೆ ಮೊದಲ ಹಾಳೆ ತಿದ್ದಿ.