ಸೀಳಿದ ಬಂಪರ್: ಅಂಟು ಹಚ್ಚುವ ಮೊದಲು ಒಳಮೈ ನೋಡಿ

ಬಂಪರ್ ಸೀಳಿದರೆ ಕೈ ಮೊದಲು ಹೋಗುವುದು ಸೂಪರ್ ಗ್ಲೂ ಕಡೆಗೆ, ಅಲ್ವಾ? ಹಚ್ಚಿದಾಗ ಗಟ್ಟಿಯಾಗಿ ಕೂತಂತೆ ಕಾಣುತ್ತದೆ. ಗಾಡಿ ನಾಲ್ಕು ಸಲ ಕುಲುಕಿದರೆ ಮತ್ತೆ ಬಾಯಿ ಬಿಡುತ್ತದೆ. ಬಂಪರಿನ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವ ಗುಣವೇ ಕಡಿಮೆ. ಹಾಗಾಗಿ ಮೊದಲು ಅದು ಯಾವ ಪ್ಲಾಸ್ಟಿಕ್ ಅಂತ ತಿಳಿಯಬೇಕು.

ಭಾಗವನ್ನು ಕಳಚಿ ಒಳಮೈ ನೋಡಿ. ಎರಡು ಬಾಣದ ಗುರುತುಗಳ ನಡುವೆ ಅಕ್ಷರಗಳು ಅಚ್ಚಾಗಿರುತ್ತವೆ. 'ಪಿಪಿ' ಎಂದು ಶುರುವಾದರೆ ಪಾಲಿಪ್ರೊಪಿಲೀನ್. ಬಂಪರ್‌ಗಳು ಹೆಚ್ಚಾಗಿ ಇದರವೇ. ಗ್ರಿಲ್, ಕನ್ನಡಿಯ ಕವರ್‌ಗಳಲ್ಲಿ 'ಎಬಿಎಸ್' ಎಂಬ ಪ್ಲಾಸ್ಟಿಕ್ ಜಾಸ್ತಿ. 'ಪಿಎ' ಎಂದರೆ ನೈಲಾನ್, ಎಂಜಿನ್ ಹತ್ತಿರದ ಭಾಗಗಳಲ್ಲಿ ಸಿಗುತ್ತದೆ. ಗುರುತು ಅಳಿಸಿಹೋಗಿದ್ದರೆ ಒಳಗಡೆ ಕಾಣದ ಜಾಗದಲ್ಲಿ ಒಂದು ಹನಿ ಅಸಿಟೋನ್ ಹಾಕಿ ಉಜ್ಜಿ. ಮೇಲ್ಮೈ ಅಂಟಂಟಾದರೆ ಅದು ಎಬಿಎಸ್ ಇರಬಹುದು. ಪಿಪಿ ಆದರೆ ಏನೂ ಆಗುವುದಿಲ್ಲ.

ಎಬಿಎಸ್ ಕೆಲಸ ಸುಲಭ. ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಗಾಜಿನ ಬಾಟಲಿಯಲ್ಲಿ ಅಸಿಟೋನ್ ಹಾಕಿ ನೆನೆಯಲು ಬಿಡಿ. ಕರಗಿ ಗಂಜಿಯ ಹದಕ್ಕೆ ಬಂದಾಗ ಬಿರುಕಿಗೆ ತುಂಬಿ, ಒಂದು ರಾತ್ರಿ ಒಣಗಲು ಬಿಡಿ. ಬಣ್ಣದ ಮೇಲೆ, ಹೆಡ್‌ಲೈಟಿನ ಮೇಲೆ ಮಾತ್ರ ಅಸಿಟೋನ್ ತಾಗಬಾರದು.

ಪಿಪಿಗೆ ಬೆಸುಗೆಯೇ ಸರಿ. ಬಿರುಕು ಕೊನೆಯಾಗುವ ಕಡೆ 3 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ಸೀಳು ಮುಂದಕ್ಕೆ ಓಡುತ್ತದೆ. ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಹೊರಗಡೆಯಿಂದ ಟೇಪ್ ಹಚ್ಚಿ ಅಂಚುಗಳನ್ನು ಒಂದಕ್ಕೊಂದು ಸರಿಯಾಗಿ ಕೂರಿಸಿ. ಇಲ್ಲಿ ಆತುರ ಬೇಡ. ಅಂಚು ಒಂದು ಕೂದಲೆಳೆ ಏರುಪೇರಾದರೂ ಬಣ್ಣ ಹೊಡೆದ ಮೇಲೆ ಎದ್ದು ಕಾಣುತ್ತದೆ.

ಈಗ ಒಳಗಡೆಯಿಂದ ಬಿರುಕಿನ ಉದ್ದಕ್ಕೂ ಪ್ಲಾಸ್ಟಿಕ್ಕಿನ ಅರ್ಧ ದಪ್ಪದಷ್ಟು ಆಳಕ್ಕೆ ಇಳಿಜಾರು ಅಂಚಿನ ಸಣ್ಣ ಕಾಲುವೆ ತೋಡಿ. ಅದರ ಮೇಲೆ ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಜಾಲರಿ ಇಟ್ಟು ಸೋಲ್ಡರಿಂಗ್ ಐರನ್‌ನಿಂದ ಮೆಲ್ಲಗೆ ಒತ್ತಿ. ಪ್ಲಾಸ್ಟಿಕ್ ಜಾಲರಿಯ ಕಣ್ಣುಗಳಿಂದ ಉಕ್ಕಿ ಬಂದು ತಂತಿಯನ್ನು ಮುಚ್ಚಿಕೊಳ್ಳಬೇಕು. ಪಿಪಿ ಸುಮಾರು 160 ಡಿಗ್ರಿಯಲ್ಲಿ ಕರಗುತ್ತದೆ. ಮಾಮೂಲಿ ಐರನ್ನಿನ ಶಾಖ ಅದಕ್ಕಿಂತ ತುಂಬಾ ಜಾಸ್ತಿ. ಬಿಸಿ ಹೊಂದಿಸುವ ಐರನ್ ಇದ್ದರೆ ವಾಸಿ. ಹೊಗೆ ಬಂತೆಂದರೆ ಪ್ಲಾಸ್ಟಿಕ್ ಸುಡುತ್ತಿದೆ ಎಂದರ್ಥ, ಸುಟ್ಟದ್ದು ಹಿಡಿಯುವುದಿಲ್ಲ. ಉಳಿದ ಜಾಗಕ್ಕೆ ಪಿಪಿ ಕಡ್ಡಿಯನ್ನೇ ಕರಗಿಸಿ ತುಂಬಿ. ಬೇರೆ ಪ್ಲಾಸ್ಟಿಕ್ ಕರಗಿ ಮೇಲೆ ಕೂರುತ್ತದೆ ಅಷ್ಟೆ, ಬೆರೆಯುವುದಿಲ್ಲ. ತಾನಾಗಿ ಆರಲು ಬಿಡಿ, ಆಮೇಲೆ ಟೇಪ್ ತೆಗೆದು ಹೊರಗಡೆಯೂ ಹಾಗೇ ಕಾಲುವೆ ತೋಡಿ ತುಂಬಿ. ಈ ಕೆಲಸವೆಲ್ಲ ಗಾಳಿಯಾಡುವ ಕಡೆಯೇ ಆಗಲಿ.

ಇಂಧನ ಟ್ಯಾಂಕ್, ಬ್ರೇಕ್ ಆಯಿಲ್ ಡಬ್ಬಿ, ಏರ್‌ಬ್ಯಾಗ್ ಕವರ್, ರೇಡಿಯೇಟರಿನ ಪ್ಲಾಸ್ಟಿಕ್ ಭಾಗ ಒಡೆದರೆ ಸುಮ್ನೆ ಬದಲಿಸಿ. ಇವುಗಳ ಮೇಲೆ ಕೈಚಳಕ ಬೇಡ.

ಕೊನೆಗೆ 180, ಆಮೇಲೆ 320, 600ರ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ. ಪಿಪಿ ಮೇಲೆ ಬಣ್ಣವೂ ನಿಲ್ಲುವುದಿಲ್ಲ, ಪ್ಲಾಸ್ಟಿಕ್ಕಿಗೆಂದೇ ಬರುವ ಪ್ರೈಮರ್ ಒಂದು ತೆಳು ಕೋಟ್ ಹೊಡೆದು ನಂತರ ಬಣ್ಣ ಹಾಕಿ.