ದೀಪಕ್ಕೆ ಮುತ್ತಿದ ರೆಕ್ಕೆಹುಳು: ಗೆದ್ದಲೋ, ಇರುವೆಯೋ?

ಮುಂಗಾರಿನ ಮೊದಲ ಮಳೆಗೆ ನೆಲ ನೆಂದ ಸಂಜೆ ಟ್ಯೂಬ್‌ಲೈಟಿಗೆ ರೆಕ್ಕೆಹುಳುಗಳು ಮುತ್ತುತ್ತವೆ. ಸ್ಪ್ರೇ ಡಬ್ಬಿಗೆ ಕೈ ಹಾಕುವ ಮುನ್ನ ಒಂದೆರಡನ್ನು ಬಿಳಿ ತಟ್ಟೆಗೆ ಹಾಕಿ ನೋಡಿ. ಮಳೆ ಶುರುವಾದಾಗ ಗೆದ್ದಲೂ ಏಳುತ್ತದೆ, ರೆಕ್ಕೆ ಬಂದ ಇರುವೆಯೂ ಏಳುತ್ತದೆ.

ಮೊದಲು ಸೊಂಟ ನೋಡಿ. ಇರುವೆಯ ಸೊಂಟ ತೀರಾ ಸಣ್ಣ. ಗೆದ್ದಲಿನ ಮೈ ಎದೆಯಿಂದ ಹೊಟ್ಟೆಯವರೆಗೂ ಒಂದೇ ದಪ್ಪ. ಆಮೇಲೆ ರೆಕ್ಕೆ. ಎರಡಕ್ಕೂ ನಾಲ್ಕು ರೆಕ್ಕೆಗಳೇ, ಆದರೆ ಇರುವೆಯ ಮುಂದಿನ ಜೋಡಿ ದೊಡ್ಡದು, ಹಿಂದಿನದು ಚಿಕ್ಕದು. ಗೆದ್ದಲಿನವು ನಾಲ್ಕೂ ಹೆಚ್ಚುಕಡಿಮೆ ಸಮ, ಮೈಗಿಂತ ಬಹಳ ಉದ್ದ, ಮುಟ್ಟಿದರೆ ಕಳಚಿ ಬೀಳುತ್ತವೆ. ಬೆಳಿಗ್ಗೆ ಕಸ ಗುಡಿಸುವಾಗ ಸಿಗುವ ರೆಕ್ಕೆಗಳ ರಾಶಿ ಸಾಮಾನ್ಯವಾಗಿ ಗೆದ್ದಲಿನದೇ. ಇನ್ನೂ ಅನುಮಾನವಿದ್ದರೆ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಮೀಸೆ ನೋಡಿ: ಇರುವೆಯದು ನಡುವೆ ಮಡಚಿರುತ್ತದೆ, ಗೆದ್ದಲಿನದು ಸಣ್ಣ ಮಣಿ ಪೋಣಿಸಿದಂತೆ ನೇರವಾಗಿರುತ್ತದೆ.

ಇರುವೆಯಾದರೆ ಬಿಟ್ಟುಬಿಡಿ. ಅವು ಮರ ತಿನ್ನುವುದಿಲ್ಲ. ಎಷ್ಟೋ ಜಾತಿಯ ಇರುವೆಗಳು ಗೆದ್ದಲನ್ನೇ ಬೇಟೆಯಾಡುತ್ತವೆ.

ಗೆದ್ದಲಾದರೂ ಹೌಹಾರಬೇಕಿಲ್ಲ, ಎಲ್ಲಿಂದ ಎದ್ದವು ಎಂಬುದು ಮುಖ್ಯ. ಹೊರಗಿನ ಹುತ್ತದಿಂದ ಬಂದವು ಜೋಡಿ ಹುಡುಕಿ ಮಣ್ಣಿಗಿಳಿಯಲು ಹೊರಟ ರಾಜ–ರಾಣಿಯರು. ಹೆಚ್ಚಿನವು ಹಲ್ಲಿ, ಕಪ್ಪೆ, ಹಕ್ಕಿಗಳ ಪಾಲಾಗುತ್ತವೆ. ಕಿಟಕಿ ಮುಚ್ಚಿ, ಸ್ವಲ್ಪ ಹೊತ್ತು ದೀಪ ಆರಿಸಿದರೆ ಸಾಕು. ವಿಷ ಹೊಡೆದರೆ ಅದು ಸೇರುವುದು ಮನೆಯವರ ಉಸಿರಿಗೆ, ಹುತ್ತಕ್ಕೆ ಏನೂ ಆಗದು.

ಬಾಗಿಲಿನ ಚೌಕಟ್ಟಿನಿಂದಲೋ ಗೋಡೆಯ ಬಿರುಕಿನಿಂದಲೋ ಏಳುತ್ತಿದ್ದರೆ ಮಾತು ಬೇರೆ. ಟಾರ್ಚ್ ಹಿಡಿದು ಬೀರುವಿನ ಹಿಂದೆ, ಬಚ್ಚಲುಮನೆಯ ಗೋಡೆ, ಚೌಕಟ್ಟಿನ ಬುಡ ಪರೀಕ್ಷಿಸಿ. ಪೆನ್ಸಿಲ್ ಅಗಲದ ಮಣ್ಣಿನ ಗೆರೆ ಕಂಡರೆ ಒಂದಿಂಚು ಮಾತ್ರ ಒಡೆಯಿರಿ. ಒಳಗೆ ಬೆಳ್ಳಗಿನ ಮೆತ್ತನೆಯ ಹುಳು ಓಡಾಡುತ್ತಿದ್ದರೆ, ಇಲ್ಲವೇ ಎರಡು–ಮೂರು ದಿನಗಳಲ್ಲಿ ಆ ಜಾಗ ಮತ್ತೆ ಮುಚ್ಚಿಕೊಂಡಿದ್ದರೆ, ಗೆದ್ದಲು ಕೆಲಸದಲ್ಲಿದೆ. ಮುಚ್ಚದಿದ್ದರೂ ನಿಶ್ಚಿಂತರಾಗಬೇಡಿ, ದಾರಿ ಬದಲಿಸಿರಬಹುದು. ಸ್ಕ್ರೂಡ್ರೈವರ್‌ನ ಹಿಡಿಯಿಂದ ಚೌಕಟ್ಟನ್ನು ಉದ್ದಕ್ಕೂ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಗುರುತು ಹಾಕಿ.

ಗೆರೆ ಕೆರೆದು ಸೀಮೆಎಣ್ಣೆ ಸವರಿ ಸುಮ್ಮನಾಗುವುದು ಬೇಡ. ಗೂಡು ಸಾಮಾನ್ಯವಾಗಿ ನೆಲದಡಿ ಇರುತ್ತದೆ. ಸೋರುವ ನಲ್ಲಿಯನ್ನು ಇಂದೇ ರಿಪೇರಿ ಮಾಡಿಸಿ, ಗೋಡೆಗೆ ಒರಗಿಸಿದ ರಟ್ಟು–ಹಲಗೆ ತೆಗೆಯಿರಿ. ಗೆದ್ದಲಿಗೆ ಔಷಧಿ ಹೊಡೆಯುವವರು ಬರುವ ತನಕ ಉಳಿದ ಗೆರೆಯನ್ನು ಅಳಿಸಬೇಡಿ. ಹುಳು ಎಲ್ಲಿಂದ ಹತ್ತಿದೆ ಎಂದು ಅವರು ಅದನ್ನೇ ಹಿಡಿದು ಹುಡುಕುತ್ತಾರೆ.